ಡ್ರೋನ್ ಬಂದರೆ ನಮ್ಮ ಹುಡುಗರ ಬೈಕ್ ಮೂಲೆ ಸೇರುತ್ತಾ?

ಓದುಗರ ಪ್ರಶ್ನೆ: ನಮ್ಮದು ಚಿಕ್ಕ ಕೊರಿಯರ್ ಹಬ್. ದೊಡ್ಡ ಕಂಪನಿಗಳ ಪಾರ್ಸೆಲ್ ತಗೊಂಡು ಸುತ್ತಮುತ್ತ 10–12 ಕಿಲೋಮೀಟರ್ ಒಳಗೆ ಮನೆ ಮನೆಗೆ ತಲುಪಿಸುತ್ತೇವೆ. ಎರಡು ವ್ಯಾನ್, ಎಂಟು ಬೈಕ್ ಇವೆ. ಹೋದ ತಿಂಗಳು ಒಬ್ಬರು ಬಂದು ಡ್ರೋನ್ ಯೋಜನೆಗೆ ಪಾಲುದಾರರಾಗಿ ಅಂದರು. ಮುಂಗಡ ಕಟ್ಟಿದರೆ ಎರಡು ಡ್ರೋನ್, ಸಾಫ್ಟ್‌ವೇರ್, ತರಬೇತಿ ಎಲ್ಲ ಅವರೇ ಕೊಡ್ತಾರಂತೆ. "ಇನ್ನು ಐದು ವರ್ಷದಲ್ಲಿ ಮುಕ್ಕಾಲು ಪಾಲು ಪಾರ್ಸೆಲ್ ಆಕಾಶದಲ್ಲೇ ಹೋಗುತ್ತೆ, ಈಗ ಸೇರದಿದ್ದರೆ ಬಾಗಿಲು ಹಾಕಬೇಕಾಗುತ್ತೆ" ಅಂತ ಹೆದರಿಸಿಯೂ ಹೋದರು. ಈ ಸುದ್ದಿ ಕೇಳಿ ಇಬ್ಬರು ಹುಡುಗರು ಬೇರೆ ಕೆಲಸ ಹುಡುಕ್ತಿದ್ದಾರೆ. ನಮ್ಮ ತಾರಸಿ ದೊಡ್ಡದಿದೆ, ಆದರೆ ಸುತ್ತಲೂ ಮನೆಗಳು. ಹಣ ಹಾಕಲೇ, ಕಾಯಲೇ? ಹುಡುಗರಿಗೆ ಏನು ಹೇಳಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಟ್ಟಿಗೆ ಸಿಕ್ಕಿಕೊಂಡಿವೆ: ಹಣ, ಹುಡುಗರು, ತಾರಸಿ. ಹಣದ ಮಾತಿಗೆ ಅವಸರ ಇರುವುದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ಮುಂಗಡ ಕಟ್ಟಬೇಡಿ.

ಹಾಗಂತ ಡ್ರೋನ್ ಡೆಲಿವರಿ ಬರೀ ಬುರುಡೆ ಅಂತಲ್ಲ. ಡ್ರೋನ್ ಯಾವ ದಾರಿಯಲ್ಲಿ ಹಾರಬೇಕು, ಎಲ್ಲಿ ಇಳಿಯಬೇಕು ಅಂತ ಯೋಜಿಸುವುದೇ ನನ್ನ ಹೊಟ್ಟೆಪಾಡು. ಆದರೆ ಬಂದವರು ಹೇಳಿದ ಕತೆಯಲ್ಲಿ ಡ್ರೋನ್ ಮಾಡುವ ಕೆಲಸ ಮತ್ತು ನಿಮ್ಮ ಹಬ್ ಮಾಡುವ ಕೆಲಸ ಎರಡೂ ಒಂದೇ ಅನ್ನುವ ಲೆಕ್ಕ ಇದೆ. ಎಡವಟ್ಟು ಇರುವುದು ಅಲ್ಲಿ.

"ಐದು ವರ್ಷ" ಅನ್ನುವ ಮಾತು ಹೊಸದೇನಲ್ಲ. 2013ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ಅಮೆರಿಕದ ಟಿವಿಯಲ್ಲಿ ಡ್ರೋನ್ ತೋರಿಸಿ, ಇನ್ನು ನಾಲ್ಕೈದು ವರ್ಷದಲ್ಲಿ ಇದು ಮನೆಗೆ ಬರಬಹುದು ಅಂದಿದ್ದರು. ತಾವು ಕಳಿಸುವ ಸಾಮಾನುಗಳಲ್ಲಿ 86% ಐದು ಪೌಂಡ್, ಅಂದರೆ ಸುಮಾರು 2.3 ಕಿಲೋ ಒಳಗಿನವು ಅಂತಲೂ ಹೇಳಿದರು. 2016ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿ ಮೊದಲ ಪ್ರಯೋಗದ ಡೆಲಿವರಿ ಆಯಿತು. ಅಮೆರಿಕದಲ್ಲಿ ಗಿರಾಕಿಗಳಿಗೆ ತಲುಪಿಸಲು ಶುರು ಮಾಡಿದ್ದು 2022ರ ಕೊನೆಗೆ, ಅದೂ ಎರಡು ಊರುಗಳಲ್ಲಿ. ಅದರಲ್ಲಿ ಕ್ಯಾಲಿಫೋರ್ನಿಯಾದ ಲಾಕ್‌ಫರ್ಡ್ ಕೇಂದ್ರವನ್ನು 2024ರಲ್ಲಿ ಮುಚ್ಚಿದರು. ಜರ್ಮನಿಯಲ್ಲಿ ಡಿಎಚ್‌ಎಲ್ ಕೊರಿಯರ್ ಕಂಪನಿ 2014ರಲ್ಲೇ ಯೂಯಿಸ್ಟ್ ಅನ್ನುವ ದ್ವೀಪಕ್ಕೆ ಔಷಧಿ ಹಾರಿಸಿತ್ತು. 2021ರಲ್ಲಿ ಆ ಡ್ರೋನ್ ಯೋಜನೆಯನ್ನೇ ಕೈಬಿಟ್ಟಿತು. ಇವರಿಗೆ ಹಣದ ಕೊರತೆ ಇರಲಿಲ್ಲ, ಜಾಣರ ಕೊರತೆಯೂ ಇರಲಿಲ್ಲ. ಮತ್ತೆ ಯಾಕೆ ಹೀಗಾಯಿತು?

ಮೊದಲ ಕಾರಣ ಭಾರ. ನೆಲದ ಮೇಲೆ ಓಡುವ ಗಾಡಿಗೆ ಸಾಮಾನಿನ ಭಾರ ಹೊರುವುದು ನೆಲ. ಗಾಡಿ ನಿಂತರೆ ಖರ್ಚೂ ನಿಲ್ಲುತ್ತದೆ. ಡ್ರೋನ್ ಹಾಗಲ್ಲ, ಕೈ ಚಾಚಿ ತುಂಬಿದ ಬಕೆಟ್ ಹಿಡಿದು ನಿಂತ ಹಾಗೆ: ಒಂದು ಹೆಜ್ಜೆ ನಡೆಯದಿದ್ದರೂ ತೋಳು ಸೋಲುತ್ತದೆ. ರೆಕ್ಕೆ ಇಲ್ಲದ, ಬರೀ ಫ್ಯಾನ್ ಮೇಲೆ ನಿಲ್ಲುವ ಡ್ರೋನಿನಲ್ಲಿ ಒಟ್ಟು ಭಾರ ಎರಡು ಪಟ್ಟಾದರೆ, ಗಾಳಿಯಲ್ಲಿ ನಿಲ್ಲಲು ಬೇಕಾಗುವ ಶಕ್ತಿ ಎರಡು ಪಟ್ಟಲ್ಲ, ಸುಮಾರು 2.8 ಪಟ್ಟಾಗುತ್ತದೆ. ಆ ಶಕ್ತಿಗೆ ದೊಡ್ಡ ಬ್ಯಾಟರಿ ಬೇಕು. ದೊಡ್ಡ ಬ್ಯಾಟರಿ ಅಂದರೆ ಇನ್ನಷ್ಟು ಭಾರ. ಒಂದು ಕಿಲೋ ಪೆಟ್ರೋಲ್‌ನಲ್ಲಿ ಸುಮಾರು 12,000 ವ್ಯಾಟ್-ಅವರ್ ಶಕ್ತಿ ಇದ್ದರೆ, ಒಂದು ಕಿಲೋ ಲೀಥಿಯಂ ಬ್ಯಾಟರಿಯಲ್ಲಿ ಇರುವುದು 200–250. ಪೆಟ್ರೋಲ್ ಎಂಜಿನ್ ಮುಕ್ಕಾಲು ಪಾಲು ಶಕ್ತಿಯನ್ನು ಬಿಸಿಯಾಗಿಯೇ ಕಳೆಯುತ್ತದೆ ನಿಜ. ಅದನ್ನು ಕಳೆದರೂ ಅಂತರ ದೊಡ್ಡದೇ.

ಇದರ ಪರಿಣಾಮ ಕಣ್ಣಿಗೇ ಕಾಣುತ್ತದೆ. ಅಮೆಜಾನ್‌ನ ಎಂಕೆ30 ಡ್ರೋನ್ ಒಯ್ಯುವುದು ಎರಡು ಚಿಲ್ಲರೆ ಕಿಲೋ, ತಾನೇ ತೂಗುವುದು ಸುಮಾರು 35 ಕಿಲೋ. ಗೂಗಲ್ ಬಳಗದ ವಿಂಗ್ ಕಂಪನಿ ಇದಕ್ಕೆ ಉಲ್ಟಾ ದಾರಿ ಹಿಡಿಯಿತು: ಸುಮಾರು 5 ಕಿಲೋ ತೂಗುವ ಪುಟ್ಟ ಡ್ರೋನ್, ಒಯ್ಯುವುದು 1 ಕಿಲೋಗಿಂತ ಸ್ವಲ್ಪ ಜಾಸ್ತಿ. ನನಗೆ ಕೇಳಿದರೆ ವಿಂಗ್ ಹಿಡಿದ ದಾರಿಯೇ ಸರಿ. ಬಿದ್ದಾಗ ಹಾನಿ ಕಡಿಮೆ, ಸದ್ದೂ ಕಡಿಮೆ.

ಈಗ ಆ 86% ಮಾತಿಗೆ ಬರೋಣ. ಪಾರ್ಸೆಲ್ ಹಗುರ ಇದ್ದರೆ ಡ್ರೋನ್ ಎತ್ತಬಲ್ಲದು, ಸರಿ. ಎತ್ತಬಲ್ಲದು ಅಂದ ಮಾತ್ರಕ್ಕೆ ಅದಕ್ಕೇ ಕೊಡುವುದು ಅಗ್ಗ ಅಂತ ಆಗಲಿಲ್ಲ, ಅಲ್ವಾ? ಒಂದು ಲೆಕ್ಕ ಹಾಕಿ ನೋಡಿ. ಹಬ್‌ನಿಂದ 10 ಕಿಲೋಮೀಟರ್ ದೂರದ ಬಡಾವಣೆಗೆ 100 ಪಾರ್ಸೆಲ್ ಇವೆ ಅನ್ನೋಣ. ವ್ಯಾನ್ 10 ಕಿಲೋಮೀಟರ್ ಹೋಗಿ, ಬೀದಿ ಬೀದಿ ಸುತ್ತಲು 30 ಓಡಿಸಿ, 10 ವಾಪಸ್ ಬಂದರೆ ಒಟ್ಟು 50. ಡ್ರೋನ್ ಒಂದು ಪಾರ್ಸೆಲ್ ಕೊಟ್ಟು ವಾಪಸ್ ಬರಲೇಬೇಕು: 20 ಕಿಲೋಮೀಟರ್ ಸಲ 100, ಅಂದರೆ 2,000 ಕಿಲೋಮೀಟರ್. ಹಾರಲು, ಸಾಮಾನು ಸಿಕ್ಕಿಸಲು, ಬ್ಯಾಟರಿ ಬದಲಿಸಲು ಎಲ್ಲ ಸೇರಿ ಒಂದು ಸುತ್ತಿಗೆ 20 ನಿಮಿಷ ಹಿಡಿದರೂ ಒಂದು ಡ್ರೋನ್ 10 ಗಂಟೆಯಲ್ಲಿ ಮುಗಿಸುವುದು 30 ಪಾರ್ಸೆಲ್. ಅದೂ ಮಳೆ, ಗಾಳಿ ಇಲ್ಲದ ದಿನ. ವ್ಯಾನಿಗೆ ಪಕ್ಕದ ಮನೆಯ ಪಾರ್ಸೆಲ್ ಹೆಚ್ಚುಕಡಿಮೆ ಪುಕ್ಕಟೆ. ಡ್ರೋನಿಗೆ ಪಕ್ಕದ ಮನೆ ಅಂದರೂ ಮತ್ತೊಂದು ಪೂರ್ತಿ ಟ್ರಿಪ್.

ಹಾಗಾಗಿ ಡ್ರೋನಿನ ಪೈಪೋಟಿ ಇರುವುದು ತುಂಬಿದ ವ್ಯಾನಿನ ಜೊತೆ ಅಲ್ಲ, ಒಂದೇ ಒಂದು ಸಾಮಾನು ಹಿಡಿದು ಅವಸರದಲ್ಲಿ ಓಡುವ ಬೈಕಿನ ಜೊತೆ. ಊಟ, ಔಷಧಿ, ಲ್ಯಾಬಿನ ಸ್ಯಾಂಪಲ್, ಅರ್ಜೆಂಟ್ ಬೇಕಾದ ಬಿಡಿಭಾಗ. ಈ ಕೆಲಸಗಳಲ್ಲಿ ಬೈಕೂ ಒಂದು ಸಾಮಾನಿಗೆ ಒಂದು ಟ್ರಿಪ್ ಹೊಡೆಯುತ್ತದೆ. ಅಲ್ಲಿ ಡ್ರೋನ್ ನಿಜಕ್ಕೂ ಗೆಲ್ಲಬಹುದು. ನಿಮ್ಮ ಹಬ್‌ನ ರಿಜಿಸ್ಟರ್ ತೆಗೆದು ನೋಡಿ, ಅಂಥ ಒಂಟಿ ಅವಸರದ ಟ್ರಿಪ್ ಎಷ್ಟಿವೆ ಅಂತ. ನಿಮ್ಮ ಥರದ ಹಬ್‌ಗಳಲ್ಲಿ ಅವು ಬಹಳ ಕಡಿಮೆ.

ಡ್ರೋನ್ ಗೆದ್ದ ಜಾಗ ಯಾವುದು ಅಂತ ಕೇಳಿದರೆ ಎಲ್ಲರೂ ಹೇಳುವುದು ರುವಾಂಡಾ, ಹೇಳಲೇಬೇಕಾದದ್ದೂ ಹೌದು. 2016ರ ಅಕ್ಟೋಬರ್‌ನಲ್ಲಿ ಜಿಪ್‌ಲೈನ್ ಕಂಪನಿ ಅಲ್ಲಿ ಆಸ್ಪತ್ರೆಗಳಿಗೆ ರಕ್ತ ಹಾರಿಸಲು ಶುರು ಮಾಡಿತು. ಗುಡ್ಡಗಾಡಿನ ದೇಶ, ಸುತ್ತುಬಳಸಿನ ರಸ್ತೆ. ಡ್ರೋನಿಗೆ ವಿಮಾನದ ಹಾಗೆ ಉದ್ದ ರೆಕ್ಕೆ ಇರುವುದರಿಂದ ಭಾರ ಹೊರುವ ಕೆಲಸವನ್ನು ರೆಕ್ಕೆಯೇ ಮಾಡುತ್ತದೆ, ಬ್ಯಾಟರಿ ಉಳಿಯುತ್ತದೆ. ಸುಮಾರು 80 ಕಿಲೋಮೀಟರ್ ದೂರದವರೆಗೂ ಹೋಗಿ ಬರುತ್ತದೆ. ಕವಣೆಯಂಥ ಯಂತ್ರದಿಂದ ಎಸೆದು ಹಾರಿಸುತ್ತಾರೆ. ಆಸ್ಪತ್ರೆ ಮುಂದೆ ಇಳಿಯುವುದಿಲ್ಲ, ಪೆಟ್ಟಿಗೆಯನ್ನು ಪುಟ್ಟ ಪ್ಯಾರಾಚೂಟ್ ಕಟ್ಟಿ ಬಿಡುತ್ತದೆ. ವಾಪಸ್ ಬಂದಾಗ ಬಾಲದ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ ಹಿಡಿಯುತ್ತಾರೆ. 2022ರಲ್ಲಿ ಬಂದ ಅಧ್ಯಯನದ ಪ್ರಕಾರ, ಡ್ರೋನ್ ಬಂದು 12 ತಿಂಗಳಾಗುವ ಹೊತ್ತಿಗೆ ಆ ಆಸ್ಪತ್ರೆಗಳಲ್ಲಿ ಅವಧಿ ಮೀರಿ ಹಾಳಾಗುವ ರಕ್ತದ ಪ್ರಮಾಣ 67% ಇಳಿಯಿತು. ಬೇಕಾದಾಗ ತಕ್ಷಣ ಸಿಗುತ್ತದೆ ಅಂದಮೇಲೆ ಪ್ರತಿ ಆಸ್ಪತ್ರೆಯೂ ರಕ್ತವನ್ನು ಫ್ರಿಜ್‌ನಲ್ಲಿ ಕೂಡಿಡುವ ಅಗತ್ಯ ಇರುವುದಿಲ್ಲ. ವೇಗದಿಂದ ಉಳಿದದ್ದು ಬರೀ ಸಮಯ ಅಲ್ಲ, ದಾಸ್ತಾನು ಕೂಡ. 2024ರ ಹೊತ್ತಿಗೆ ಆ ಕಂಪನಿ ಒಟ್ಟು 10 ಲಕ್ಷ ಡೆಲಿವರಿ ದಾಟಿತು.

ಇಲ್ಲಿ ಸಾಮಾನು ಹಗುರ, ಬೆಲೆ ದೊಡ್ಡದು, ತಡವಾದರೆ ಜೀವಕ್ಕೆ ಅಪಾಯ, ರಸ್ತೆ ಕಷ್ಟ. ತಲುಪುವ ಜಾಗವೂ ಗೊತ್ತಿರುವ ಕೆಲವೇ ಆಸ್ಪತ್ರೆಗಳು. ನಿಮ್ಮ ವ್ಯಾನಿನಲ್ಲಿ ಹೋಗುವ ಚಪ್ಪಲಿ, ಚಾರ್ಜರ್, ಸೀರೆಗೆ ಇದರಲ್ಲಿ ಎಷ್ಟು ಹೊಂದುತ್ತದೆ ನೀವೇ ಹೇಳಿ.

ಮನೆಗಳ ವಿಷಯದಲ್ಲಿ ತಲೆ ತಿನ್ನುವುದು ಕೊನೆಯ ಹತ್ತು ಮೀಟರ್. ಹತ್ತು ಕಿಲೋಮೀಟರ್ ಹಾರುವುದು ಈಗ ಸುಲಭ. ಆಮೇಲೆ ಕೆಳಗೆ ಬರಬೇಕಲ್ಲ, ಅಲ್ಲಿ ಮರದ ಕೊಂಬೆ, ಕೇಬಲ್, ಬಟ್ಟೆ ಒಣಗಿಸುವ ತಂತಿ, ನಾಯಿ, ಮಕ್ಕಳು. ವಿಂಗ್ ಡ್ರೋನ್ ಸುಮಾರು 7 ಮೀಟರ್ ಎತ್ತರದಲ್ಲೇ ನಿಂತು ಹಗ್ಗದಲ್ಲಿ ಪೊಟ್ಟಣ ಇಳಿಸುತ್ತದೆ. ಅದಕ್ಕೂ ಅಂಗಳ ಬೇಕು. ಆರನೇ ಮಹಡಿಯಲ್ಲಿ ಇರುವವರಿಗೆ ಏನು ಮಾಡುವುದು? ಬಾಲ್ಕನಿಗೆ ತಂದುಕೊಡುತ್ತದೆ ಅನ್ನುವುದು ಜಾಹೀರಾತಿನ ಚಿತ್ರ. ಗೋಡೆ ಪಕ್ಕ ಗಾಳಿ ಸುಳಿ ಹೊಡೆಯುತ್ತದೆ, ಎರಡು ಕಟ್ಟಡಗಳ ನಡುವೆ ಜಿಪಿಎಸ್ ತಪ್ಪುತ್ತದೆ. ಚೀನಾದ ಶೆನ್‌ಜೆನ್‌ನಲ್ಲಿ ಮೇತ್ವಾನ್ ಕಂಪನಿ ಊಟ ಹಾರಿಸುವುದು ಮನೆ ಬಾಗಿಲಿಗಲ್ಲ, ಅಲ್ಲಲ್ಲಿ ನಿಲ್ಲಿಸಿದ ಕಪಾಟಿನಂಥ ಕಿಯೋಸ್ಕ್‌ಗಳಿಗೆ. ಗಿರಾಕಿ ಕೆಳಗೆ ಬಂದು ತೆಗೆದುಕೊಳ್ಳಬೇಕು. ಹೋಟೆಲಿನಿಂದ ಡ್ರೋನ್ ಏರುವ ಜಾಗಕ್ಕೆ ಊಟ ತಂದುಕೊಡುವುದು ಮನುಷ್ಯನೇ. ಜನಸಾಂದ್ರ ಊರುಗಳಲ್ಲಿ ನಡೆಯುವ ಮಾದರಿ ಇದೇ ಅಂತ ನನ್ನ ಅಂದಾಜು.

ಇನ್ನು ನಿಮ್ಮ ಹುಡುಗರು ಬಾಗಿಲಲ್ಲಿ ಮಾಡುವ ಕೆಲಸವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಓಟಿಪಿ ಕೇಳುತ್ತಾರೆ, ಹಣ ತಗೊಳ್ಳುತ್ತಾರೆ, ರಿಟರ್ನ್ ಸಾಮಾನು ನೋಡಿ ಎತ್ತಿಕೊಂಡು ಬರುತ್ತಾರೆ, ಮನೆ ಬೀಗ ಹಾಕಿದ್ದರೆ ಫೋನ್ ಮಾಡಿ ಪಕ್ಕದ ಮನೆಗೆ ಕೊಡುತ್ತಾರೆ. ಡ್ರೋನಿಗೆ ಪೊಟ್ಟಣ ಇಳಿಸುವುದಷ್ಟೇ ಗೊತ್ತು.

ತಾರಸಿಗೆ ಬರೋಣ. ಸದ್ದಿನ ವಿಷಯವನ್ನು ಹಗುರವಾಗಿ ತಗೊಳ್ಳಬೇಡಿ. ಡ್ರೋನ್ ಸದ್ದು ಜೋರಾಗಿರುತ್ತದೆ ಅನ್ನುವುದಕ್ಕಿಂತ ಅದು ಚುಚ್ಚುವ ಸದ್ದು. ರಸ್ತೆಯ ವಾಹನದಷ್ಟೇ ಜೋರಿನ ಡ್ರೋನ್ ಸದ್ದು ಜನಕ್ಕೆ ಜಾಸ್ತಿ ಕಿರಿಕಿರಿ ಕೊಡುತ್ತದೆ ಅಂತ ನಾಸಾ 2017ರಲ್ಲೇ ಜನರಿಗೆ ಕೇಳಿಸಿ ನೋಡಿ ಹೇಳಿದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಬಾನಿಥನ್ ಬಡಾವಣೆಯವರು ಇದೇ ಕಾರಣಕ್ಕೆ ತಿರುಗಿಬಿದ್ದರು, ವಿಂಗ್ ಆಮೇಲೆ ಸದ್ದು ಕಡಿಮೆಯ ಡ್ರೋನ್ ಮಾಡಬೇಕಾಯಿತು. ಅಮೆರಿಕದ ಟೆಕ್ಸಾಸ್‌ನ ಕಾಲೇಜ್ ಸ್ಟೇಷನ್ ಅನ್ನುವ ಊರಿನಲ್ಲಿ ಅಮೆಜಾನ್ ಹಾರಾಟ ಹೆಚ್ಚಿಸಲು ಹೊರಟಾಗ, 2024ರಲ್ಲಿ ಅಲ್ಲಿನ ಮೇಯರ್ ವಿಮಾನಯಾನ ಇಲಾಖೆಗೆ ಪತ್ರ ಬರೆದು ತಕರಾರು ಎತ್ತಿದರು. ಗಿರಾಕಿಯ ಮನೆ ಮೇಲೆ ಡ್ರೋನ್ ದಿನಕ್ಕೊಮ್ಮೆ ಬರಬಹುದು. ಹಬ್ ಪಕ್ಕದ ಮನೆಯವರಿಗೆ ಪ್ರತಿ ಏರುವಿಕೆ, ಪ್ರತಿ ಇಳಿಯುವಿಕೆ ಕೇಳುತ್ತದೆ. ಆಗ ಅವರು ಬಂದು ಬಾಗಿಲು ತಟ್ಟುವುದು ದೂರದ ಕಂಪನಿಯದ್ದಲ್ಲ, ನಿಮ್ಮದು.

(ಹಕ್ಕಿಗಳ ಕಾಟವೂ ಇದೆ. 2021ರಲ್ಲಿ ಕ್ಯಾನ್‌ಬೆರಾದಲ್ಲಿ ಗೂಡು ಕಟ್ಟಿದ ಕಾಗೆ ಜಾತಿಯ ಹಕ್ಕಿಗಳು ಡ್ರೋನ್ ಮೇಲೆ ಎರಗಿ, ಒಂದು ಬಡಾವಣೆಯಲ್ಲಿ ಕೆಲ ಕಾಲ ಹಾರಾಟ ನಿಲ್ಲಿಸಬೇಕಾಯಿತು. ಅವುಗಳಿಗೆ ಯಾವ ಅನುಮತಿ ತೋರಿಸುವುದು!)

ಸುರಕ್ಷತೆ ಬಗ್ಗೆ ಎರಡು ತುದಿಯ ಮಾತು ಕೇಳುತ್ತೀರಿ. ತಲೆ ಮೇಲೇ ಬೀಳುತ್ತವೆ ಅಂತ ಒಬ್ಬರು, ಬೀಳುವುದೇ ಇಲ್ಲ ಅಂತ ಇನ್ನೊಬ್ಬರು. ಬೀಳುತ್ತವೆ, ಆದರೆ ಅಪರೂಪಕ್ಕೆ. ಸ್ವಿಟ್ಜರ್ಲೆಂಡಿನ ಅಂಚೆ ಸಂಸ್ಥೆ ಸ್ವಿಸ್ ಪೋಸ್ಟ್ ಆಸ್ಪತ್ರೆಗಳ ನಡುವೆ ಸ್ಯಾಂಪಲ್ ಹಾರಿಸುತ್ತಿದ್ದಾಗ 2019ರಲ್ಲಿ ಒಂದು ಡ್ರೋನ್ ಜ್ಯೂರಿಕ್ ಸರೋವರಕ್ಕೆ ಇಳಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ಇನ್ನೊಂದು ಬಿದ್ದಾಗ, ಅಪಾಯದಲ್ಲಿ ಬಿಚ್ಚಿಕೊಳ್ಳುವ ಪ್ಯಾರಾಚೂಟಿನ ಹಗ್ಗವೇ ತುಂಡಾಗಿತ್ತು, ಬಿದ್ದ ಜಾಗದಿಂದ ಸ್ವಲ್ಪ ದೂರದಲ್ಲಿ ಶಿಶುವಿಹಾರದ ಮಕ್ಕಳಿದ್ದರು. ಕೂಡಲೇ ಹಾರಾಟ ನಿಲ್ಲಿಸಿದರು. 2022ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಒಂದು ವಿಂಗ್ ಡ್ರೋನ್ ವಿದ್ಯುತ್ ತಂತಿ ಮೇಲೆ ಕೂತು ಸುಮಾರು 2,000 ಮನೆಗಳ ಕರೆಂಟ್ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಅರಿಜೋನಾದಲ್ಲಿ ಅಮೆಜಾನ್‌ನ ಎರಡು ಡ್ರೋನ್ ಒಂದೇ ಕ್ರೇನ್‌ಗೆ ಡಿಕ್ಕಿ ಹೊಡೆದವು. ಹಿಂದಿನ ವಾರ ಇಲ್ಲದ ಕ್ರೇನ್ ಈ ವಾರ ನಿಂತಿರುತ್ತದೆ. ನಾನು ದಾರಿ ಯೋಜಿಸುವಾಗ ನಕ್ಷೆಯನ್ನು ಪೂರ್ತಿ ನಂಬದೇ ಇರುವುದು ಇದಕ್ಕೇ. ದೊಡ್ಡ ಕಂಪನಿ ಇಂಥ ಪೆಟ್ಟು ತಡೆದುಕೊಂಡು ಮುಂದೆ ಹೋಗುತ್ತದೆ. ಚಿಕ್ಕ ಹಬ್‌ಗೆ ಒಂದೇ ಅಪಘಾತ ಸಾಕು.

ಕಾನೂನನ್ನು ಬೇಗ ಮುಗಿಸುತ್ತೇನೆ. ಬಹುತೇಕ ದೇಶಗಳಲ್ಲಿ ಮೂಲ ನಿಯಮ ಎರಡು: ಸುಮಾರು 120 ಮೀಟರ್‌ಗಿಂತ ಮೇಲೆ ಹೋಗಬಾರದು, ಹಾರಿಸುವವರ ಕಣ್ಣಿಗೆ ಡ್ರೋನ್ ಕಾಣುತ್ತಲೇ ಇರಬೇಕು. ಕಣ್ಣಿಗೆ ಕಾಣುವಷ್ಟೇ ದೂರ ಅಂದರೆ ಪಾರ್ಸೆಲ್ ವ್ಯಾಪಾರ ನಡೆಯುವುದೇ ಇಲ್ಲ. ಅದರಾಚೆ ಹಾರಿಸಲು ವಿಶೇಷ ಅನುಮತಿ ಬೇಕು, ಅದನ್ನು ಪಡೆಯುವುದು ಸುಲಭವಲ್ಲ. ಅಮೆರಿಕ ಇದನ್ನು ಮಾಮೂಲಿ ಮಾಡಲು 2025ರ ಆಗಸ್ಟ್‌ನಲ್ಲಿ ಕರಡು ನಿಯಮ ಹೊರಡಿಸಿತು. ಒಬ್ಬರು ಎಷ್ಟು ಡ್ರೋನ್ ನೋಡಿಕೊಳ್ಳಬಹುದು ಅನ್ನುವುದರ ಮೇಲೆ ಇಡೀ ವ್ಯಾಪಾರದ ಖರ್ಚು ನಿಂತಿದೆ. ಒಬ್ಬರು ಒಂದೇ ಡ್ರೋನ್ ಕಾಯುತ್ತ ಕೂತರೆ ಬೈಕ್ ಹುಡುಗನಿಗಿಂತ ಅವರ ಸಂಬಳವೇ ಜಾಸ್ತಿ. ಇಪ್ಪತ್ತು, ಮೂವತ್ತು ಡ್ರೋನ್ ಒಬ್ಬರ ಕೈಗೆ ಬಂದ ದಿನ ಲೆಕ್ಕ ತಿರುಗುತ್ತದೆ. ಆ ದಿನ ಬರುತ್ತದೆ. ಆದರೆ ಎರಡು ಡ್ರೋನ್ ಇರುವ ಹಬ್‌ಗೆ ಅದರಿಂದ ಲಾಭ ಇಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಡ್ರೋನ್ ನೀವೇ ಕೊಂಡು ಹಾರಿಸುವುದು ಬೇಡ ಅಂತ ಮೊದಲೇ ಹೇಳಿದೆ. ಅನುಮತಿ, ವಿಮೆ, ಪೈಲಟ್ ಎಲ್ಲ ನಿಮ್ಮ ತಲೆ ಮೇಲೆ ಬರುತ್ತವೆ. ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆಗುವ ಹೊತ್ತಿಗೆ ಸೊರಗುತ್ತದೆ. ಮಾದರಿಗಳು ಬೇಗ ಹಳತಾಗುತ್ತವೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸಿಗುವುದಿಲ್ಲ.

ತಾರಸಿಯನ್ನು ಡ್ರೋನ್ ಕಂಪನಿಗೆ ಬಾಡಿಗೆಗೆ ಕೊಡುವುದು ಇದಕ್ಕಿಂತ ಎಷ್ಟೋ ವಾಸಿ. ಯಂತ್ರ, ಅನುಮತಿ, ಹೊಣೆ ಅವರದು. ಆದರೂ ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ. ಲೀಥಿಯಂ ಬ್ಯಾಟರಿಗೆ ಬೆಂಕಿ ಬಿದ್ದರೆ ಆರಿಸುವುದು ಕಷ್ಟ, ಹಾಗಾಗಿ ಚಾರ್ಜಿಂಗ್ ಜಾಗ ಬೇರೆಯೇ ಇರಬೇಕು, ನಿಮ್ಮ ಕಟ್ಟಡದ ವಿಮೆ ಕಂಪನಿಗೆ ಮೊದಲೇ ತಿಳಿಸಿರಬೇಕು. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ದಿನಕ್ಕೆ ಎಷ್ಟು ಹಾರಾಟ ಅಂತ ಕರಾರಿನಲ್ಲಿ ಬರೆದಿರಬೇಕು. ಅಕ್ಕಪಕ್ಕದವರ ದೂರು ಬಂದರೆ ಕರಾರು ಮುರಿಯುವ ಹಕ್ಕು ನಿಮಗೂ ಇರಬೇಕು. ಸುತ್ತಲೂ ಮನೆಗಳಿವೆ ಅಂದಿದ್ದೀರಿ, ಸಹಿ ಹಾಕುವ ಮುಂಚೆ ಒಂದು ವಾರ ಪ್ರಯೋಗಕ್ಕೆ ಹಾರಿಸಿ ತೋರಿಸಿ ಅನ್ನಿ. ಒಪ್ಪದಿದ್ದರೆ ಬಿಟ್ಟುಬಿಡಿ.

ಹಣ ಖರ್ಚು ಮಾಡಲೇಬೇಕು ಅಂತಿದ್ದರೆ ನಾನು ಪಾರ್ಸೆಲ್ ಲಾಕರ್ ಮೇಲೆ ಹಾಕುತ್ತಿದ್ದೆ. ಪಾರ್ಸೆಲ್ ಒಳಗಿಟ್ಟು ಬಂದರೆ ಗಿರಾಕಿ ತಾನೇ ಬಂದು ತೆಗೆದುಕೊಳ್ಳುವ, ಸುಮ್ನೆ ನಿಂತ ಕಬ್ಬಿಣದ ಕಪಾಟು, ನೋಡಲು ಏನೂ ಮಜಾ ಇಲ್ಲ. ಆದರೆ ಮನೆಯಲ್ಲಿ ಜನ ಇಲ್ಲ ಅಂತ ಎರಡನೇ, ಮೂರನೇ ಸಲ ಹೋಗುವ ಟ್ರಿಪ್‌ಗಳನ್ನು ಅದು ಉಳಿಸುತ್ತದೆ. ಮುಂದೊಂದು ದಿನ ಡ್ರೋನ್ ನಿಮ್ಮ ಪ್ರದೇಶಕ್ಕೆ ಬಂದರೆ ಇಳಿಸಲು ಅಂಥದ್ದೇ ಜಾಗ ಬೇಕಾಗುತ್ತದೆ, ಆಗ ಆ ಜಾಗ ನಿಮ್ಮ ಕೈಯಲ್ಲಿರುತ್ತದೆ. ಇದರ ಅಪಾಯ ಏನಂದರೆ ಲಾಕರ್ ತಪ್ಪು ಜಾಗದಲ್ಲಿ ನಿಂತರೆ ಯಾರೂ ಬಳಸುವುದಿಲ್ಲ. ಮೊದಲು ಒಂದೇ ಇಟ್ಟು ನೋಡಿ.

ಏನೂ ಮಾಡದೆ ಕಾಯುವುದಕ್ಕೂ ಬೆಲೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಕೆಲಸದಲ್ಲಿ ಔಷಧಿ, ಲ್ಯಾಬ್ ಸ್ಯಾಂಪಲ್ ಥರದ ಅವಸರದ ಸಾಮಾನು ಇದ್ದರೆ ಮೊದಲು ಕೈ ತಪ್ಪುವುದು ಅದೇ, ಮತ್ತು ಅದಕ್ಕೇ ಟ್ರಿಪ್‌ಗೆ ಹೆಚ್ಚು ದುಡ್ಡು ಸಿಗುವುದು. ಅಂಥ ಗಿರಾಕಿಗಳನ್ನು ಈಗಲೇ ಮಾತಾಡಿಸಿ. ಡ್ರೋನ್ ಕಂಪನಿ ಅವರ ಹತ್ತಿರ ಬಂದಾಗ ಎರಡೂ ತುದಿಯ ನೆಲದ ಕೆಲಸ (ಡ್ರೋನಿಗೆ ಸಾಮಾನು ತಂದುಕೊಡುವುದು, ಇಳಿದ ಮೇಲೆ ಮುಂದೆ ಒಯ್ಯುವುದು) ನಮಗೇ ಕೊಡಿ ಅಂತ ಕೇಳಲು ಆಗ ದಾರಿ ಇರುತ್ತದೆ.

ಹುಡುಗರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ದಿನಕ್ಕೆ ಐವತ್ತು ಮನೆ ಸುತ್ತುವ ಕೆಲಸಕ್ಕೆ ಡ್ರೋನ್ ಸದ್ಯಕ್ಕೆ ಅಡ್ಡ ಬರುವುದಿಲ್ಲ. ಬರೀ ಊಟ ಒಯ್ಯುವ, ಒಂಟಿ ಆರ್ಡರ್‌ನ ಕೆಲಸಕ್ಕೆ ಹೋಗುತ್ತಿದ್ದರೆ ಅವರು ಡ್ರೋನ್ ಹೆಚ್ಚು ಹತ್ತಿರ ಇರುವ ಕಡೆಗೇ ಹೋಗುತ್ತಿದ್ದಾರೆ. ಯಾರಿಗಾದರೂ ಯಂತ್ರದ ಆಸಕ್ತಿ ಇದ್ದರೆ ಹಾರಿಸುವ ಲೈಸೆನ್ಸ್‌ಗಿಂತ ರಿಪೇರಿ, ಬ್ಯಾಟರಿ ನಿರ್ವಹಣೆ ಕಲಿಯಲಿ ಅನ್ನುತ್ತೇನೆ. ಹಾರಿಸುವುದನ್ನು ಸಾಫ್ಟ್‌ವೇರೇ ಮಾಡುತ್ತಿದೆ. ಬೆಳಿಗ್ಗೆ ಫ್ಯಾನ್ ಬಿರುಕು ಬಿಟ್ಟಿದೆಯಾ, ಸ್ಕ್ರೂ ಸಡಿಲ ಆಗಿದೆಯಾ ಅಂತ ನೋಡುವ ಕೈ ಮಾತ್ರ ಎಲ್ಲ ಕೇಂದ್ರದಲ್ಲೂ ಬೇಕು.

ಆ ಪಾಲುದಾರಿಕೆಯವರು ಮತ್ತೆ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಕಣ್ಣಿಗೆ ಕಾಣದಷ್ಟು ದೂರ ಹಾರಿಸುವ ಅನುಮತಿ ಯಾರ ಹೆಸರಿನಲ್ಲಿದೆ, ನಿಮ್ಮ ಪ್ರದೇಶಕ್ಕೆ ಅನ್ವಯಿಸುತ್ತದಾ? ಯಾರ ಮೇಲಾದರೂ ಬಿದ್ದರೆ ಪರಿಹಾರ ಕೊಡುವುದು ಯಾವ ವಿಮೆ? ಗಾಳಿ, ಮಳೆಯಿಂದ ಹಾರಲಾಗದ ದಿನಗಳ ನಷ್ಟ ಯಾರದು? ಈಗ ಹಾರುತ್ತಿರುವ ಯಾವ ಹಬ್‌ಗೆ ಹೋಗಿ ಒಂದು ದಿನ ಕೂತು ನೋಡಬಹುದು? ಬಾಯಿ ಮಾತಿನ ಉತ್ತರ ಬೇಡ, ಬರೆದು ಕೊಡಲಿ. ಕೊಟ್ಟರೆ ಆ ಕಾಗದದ ಪ್ರತಿ ನನಗೂ ಕಳಿಸಿ, ಓದಿ ಹೇಳುತ್ತೇನೆ.